ಅಣ್ಣನ ಮಧ್ಯಾಹ್ನದ ಗುಳಿಗೆ

ನಮ್ಮ ಅಣ್ಣ ಶರಣಪ್ಪ ಕುಳಿತಲ್ಲೇ ಕುಣಿಯುತ್ತಿದ್ದ. ಭುಜ ಹಾರುತ್ತಿತ್ತು, ಕುತ್ತಿಗೆ ಓಲಾಡುತ್ತಿತ್ತು, ಬಲಗಾಲು ಯಾರನ್ನೋ ಒದೆಯಲು ಹೋಗಿ ಮನಸ್ಸು ಬದಲಿಸಿದಂತೆ ಹಿಂದೆ ಬರುತ್ತಿತ್ತು. ನಾರಾಯಣಪೇಟೆಯಲ್ಲಿ ನಲವತ್ತು ವರ್ಷ ಸೀರೆ ನೇಯ್ದ ಮೈ ಅದು. ಪಾರ್ಕಿನ್ಸನ್ ರೋಗ ಬಂದು ಕೊರಡಾಗಿತ್ತು. ದಿನಕ್ಕೆ ನಾಲ್ಕು ಸಲ ಗುಳಿಗೆ ನುಂಗಿದರೆ ಸಡಿಲಾಗುತ್ತಿತ್ತು. ಆದರೆ ವರ್ಷ ಕಳೆದಂತೆ ಆ ಗುಳಿಗೆಯೇ ಅವನನ್ನು ಕುಣಿಸತೊಡಗಿತು. "ಕಟ್ಟಿಗಿ ಆಗಿ ಬೀಳೋದಕ್ಕಿಂತ ಇದು ಛಲೋ ಐತಿ ಬಿಡು" ಎನ್ನುತ್ತಿದ್ದ.

ತೆಲಂಗಾಣ ಬೇರೆ ರಾಜ್ಯವಾದ ದಿನ ಹುಡುಗರು ಗುಲಾಲು ಎರಚುತ್ತ, ಡಪ್ಪು ಬಡಿಯುತ್ತ ನಮ್ಮ ಓಣಿಗೆ ಬಂದರು. ಕಟ್ಟೆಯ ಮೇಲೆ ಓಲಾಡುತ್ತಿದ್ದ ಅಣ್ಣನನ್ನು ಕಂಡು, "ಕಾಕಾಗ ಎಷ್ಟು ಜೋಶ್ ಐತಿ ನೋಡ್ರಲೇ" ಎಂದು ಹೂವಿನ ಹಾರ ಹಾಕಿದರು.

"ನೀವು ಇವತ್ತೊಂದಿನ ಕುಣೀತೀರಿ. ನಾ ದಿನಾ ನಾಕು ಸಲ" ಎಂದ ಅಣ್ಣ.

ಅದೇ ವರ್ಷ ನನ್ನ ಮಗಳನ್ನು ನೋಡಲು ಗದ್ವಾಲದಿಂದ ಜನ ಬಂದರು. ಅವರ ಮುಂದೆ ಅಣ್ಣ ಕುಣಿದರೆ ಸಂಬಂಧ ತಪ್ಪೀತೆಂದು ಹೆದರಿ, ಅವನ ಮಧ್ಯಾಹ್ನದ ಗುಳಿಗೆಯನ್ನು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಕೇಳಿದಾಗ, "ಆಗಲೇ ಕೊಟ್ಟೀನಲ್ಲಣ್ಣಾ" ಎಂದೆ.

ಮಾತು ಕುದುರಿತು. ಹುಡುಗನ ತಂದೆ ಎಲೆ ಅಡಿಕೆಯ ತಟ್ಟೆಯನ್ನು ಮನೆಯ ಹಿರಿಯನಾದ ಅಣ್ಣನ ಮುಂದೆ ಹಿಡಿದರು. ತೆಗೆದುಕೊಂಡರೆ ಒಪ್ಪಿದಂತೆ. ಅಣ್ಣನ ಕೈ ಏಳಲಿಲ್ಲ. ಮುಖ ಕಲ್ಲಾಗಿತ್ತು.

"ಹಿರಿಯರಿಗೆ ಮನಸ್ಸಿಲ್ಲ ಅಂತ ಕಾಣ್ತೈತ್ರಿ" ಎನ್ನುತ್ತ ಅವರು ತಟ್ಟೆ ಹಿಂದಕ್ಕೆಳೆದು, ಎದ್ದು ಚಪ್ಪಲಿ ಹುಡುಕತೊಡಗಿದರು.

"ಕೂಡ್ರಿ" ಎಂದ ಅಣ್ಣ, ತುಟಿ ಅಲ್ಲಾಡದೆ. "ಗುಳಿಗಿ ನುಂಗೋದು ನಾನಽ ಮರ್ತೀನಿ." ಅವನ ಕಣ್ಣು ನನ್ನ ಜೇಬಿನ ಮೇಲಿತ್ತು.

ನುಂಗಿಸಿದೆ. ಎರಡು ಸುತ್ತು ಚಹಾ ಆಯಿತು. ಆಮೇಲೆ ಭುಜ ಹಾರಿತು. ಅಣ್ಣ ತಟ್ಟೆ ಹಿಡಿದ, ಅಡಿಕೆಯೆಲ್ಲ ಚೆಲ್ಲಾಪಿಲ್ಲಿಯಾಯಿತು. "ಒಂದು ಸಲ ಹೂಂ ಅಂದ್ರ ಸಾಕಿತ್ತು. ನನ್ನ ತಲಿ ನೋಡ್ರಿ, ಇನ್ನಾ ಹೂಂ ಅನ್ನಾಕತ್ತೈತಿ" ಎಂದ. ಬೀಗರು ಹೊಟ್ಟೆ ಹಿಡಿದು ನಕ್ಕರು.

ಅವರು ಹೋದ ಮೇಲೆ ನನ್ನನ್ನು ಕರೆದ. "ತಮ್ಮಾ, ಮುಂದ ಮುಚ್ಚಿಡೋದಿದ್ರ ನನ್ನ ಮುಚ್ಚಿಡು, ಗುಳಿಗಿ ಬ್ಯಾಡ. ಒಳಗ ಕುಂತು ಕುಣೀತೀನಿ." ತಪ್ಪಾಯಿತು ಎನ್ನುವ ಬದಲು ನಾನು ಚೆಲ್ಲಿದ್ದ ಅಡಿಕೆ ಆರಿಸತೊಡಗಿದೆ.

ಮದುವೆಯ ದಿನ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟು ಅವನನ್ನು ಎಲ್ಲರ ಮುಂದೆ ಕೂರಿಸಿದೆ. ಅವನೆಸೆದ ಅಕ್ಷತೆಯಲ್ಲಿ ಅರ್ಧ, ಮಂತ್ರ ಹೇಳುತ್ತಿದ್ದ ಅಯ್ಯನವರ ತಲೆಯ ಮೇಲೆ ಬಿತ್ತು.

ಮರುವರ್ಷ ಅಣ್ಣ ತೀರಿಕೊಂಡ. ಹಿಂದಿನ ಸಂಜೆ ಪಕ್ಕದಲ್ಲಿ ಕುಳಿತು, "ಅಣ್ಣಾ, ಆವತ್ತು ಗುಳಿಗಿ ನಾನಽ..." ಎಂದು ಕಡೆಗೂ ಶುರುಮಾಡಿದ್ದೆ. ಅವನ ಎಡಗಣ್ಣು ಮಿಟುಕಿತು. ಅದು ಅವನ ಕ್ಷಮೆಯೋ, ಗುಳಿಗೆಯ ಆಟವೋ, ನನಗೆ ಇವತ್ತಿಗೂ ಗೊತ್ತಿಲ್ಲ.