ಕಮಲಾಪುರದ ಒಂದು ಹಳೆಯ ಫೋನು

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು ವಿದ್ಯಾವತಿ ಬಸ್ಸಿನ ವೇಳೆ ಹೇಳುವ ಆ್ಯಪ್ ನಡೆಸುತ್ತಿದ್ದಳು. ಕೆಲಸದಲ್ಲಿ ಬಲು ಚುರುಕು. ಒಂದು ವಿಷಯದಲ್ಲಿ ಮಾತ್ರ ಮಹಾ ಮೊಂಡಿ. ಆ್ಯಪಿಗೆ ದನಿ ಕೊಡುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ತೀರಾ ಹಳೆಯದಾಗಿತ್ತು. ಅದನ್ನು ಹೊಸ ಆವೃತ್ತಿಗೆ ಏರಿಸಿದರೆ ಆ್ಯಪು ಭದ್ರ. ಆದರೆ ಹಳೆಯ ಫೋನುಗಳಲ್ಲಿ ತೆರೆಯುವುದೇ ಇಲ್ಲ ಎಂದು ಅವಳು ಏರಿಸಲು ಒಪ್ಪುತ್ತಿರಲಿಲ್ಲ.

“ಅಂಥಾ ಫೋನ್ ಒಂದೇ ಉಳದದರೀ ಮೇಡಂ, ಕಮಲಾಪುರದಾಗ,” ಎಂದ ಜೊತೆಗಾರ ಪರ್ವೇಜ್. “ಒಂದ್ ಫೋನಿನ ಸಲುವಾಗಿ ಎಲ್ಲಾರಿಗೂ ತ್ರಾಸ ಕೊಡಬೇಕೇನ್ರೀ? ಸೋಮವಾರ ಏರಿಸಿಬಿಡೋಣ್ರೀ.”

ಅದು ವಿದ್ಯಾವತಿಯ ಅಕ್ಕ ವಿಮಲಾಬಾಯಿಯ ಫೋನೆಂದು ಅವನಿಗೇನು ಗೊತ್ತು! ಅದರಲ್ಲಿ ಆ್ಯಪ್ ಹಾಕಿಕೊಟ್ಟವಳು ಇವಳೇ. ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡಾಗ, ಕೆಲಸ ಕೆಲಸವೆಂದು, ಮಣ್ಣು ಮಾಡಿದ ಮೇಲೆ ಊರು ಮುಟ್ಟಿದ್ದಳು. “ಈಗ್ಯಾಕ ಬಂದಿ?” ಎಂದಿದ್ದಳು ಅಕ್ಕ. ಅಷ್ಟೇ, ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಆದರೂ ದಿನಾ ಮುಂಜಾನೆ ಆರಕ್ಕೆ ಆ ಫೋನು ಆ್ಯಪ್ ತೆರೆದದ್ದು ವಿದ್ಯಾವತಿಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಅಕ್ಕ ಎದ್ದಿದ್ದಾಳೆ, ಆರಾಮಿದ್ದಾಳೆ. ಅದನ್ನು ನೋಡದೆ ಅವಳಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಸ್ಸಿನ ವೇಳೆ ಕೇಳುವವಳು ಒಂದು ದಿನವಾದರೂ ಬಸ್ಸು ಹತ್ತಿ ಬರಬಾರದೇ ಎಂದು ಜೀವ ಹಂಬಲಿಸುತ್ತಿತ್ತು. ತಾನು ಹತ್ತಬಹುದಿತ್ತಲ್ಲ? ಹಾಳು ಹಟ!

ಏರಿಸುವುದನ್ನು ಇನ್ನು ತಡೆಯಲಾಗದೆಂದು ಭಾನುವಾರ ಹೊಸ ಫೋನೊಂದನ್ನು ಚೀಲದಲ್ಲಿಟ್ಟುಕೊಂಡು ಕಮಲಾಪುರಕ್ಕೆ ಹೋದಳು. ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು.

“ಅಕ್ಕಾ, ನಾಳಿಂದ ಹಳೇ ಫೋನಿನಾಗ ಆ್ಯಪ್ ನಡಿಯಂಗಿಲ್ಲ. ಇದು ತಗೋ.”

“ಹೊಸಾದು ನನ್ನ ಹತ್ರಾನೂ ಅದ.” ಅಕ್ಕ ಕಪಾಟಿನತ್ತ ಕೈ ಮಾಡಿದಳು. “ಅದರಾಗ ಯಾವಾಕಿನೋ ಮಿಷನ್ನಿನಾಕಿ ಮಾತಾಡ್ತಾಳ.”

ಹಳೆಯ ಫೋನು ತೆಗೆದು ಒತ್ತಿದಳು. “ಕಲಬುರಗಿಗೆ ಮೊದಲ್ನೇ ಬಸ್ ಆರೂವರಿಗಿ ಅದರೀ,” ಎಂದಿತು ಅದು. ವಿದ್ಯಾವತಿಯದೇ ದನಿ! ಮಿಷನ್ ದನಿ ನಡೆಯದ ಹಳೆಯ ಫೋನುಗಳಿಗೆಂದು ಹಿಂದೆ ತಾನೇ ಓದಿ ರೆಕಾರ್ಡ್ ಮಾಡಿ ಸೇರಿಸಿದ್ದು ಅವಳಿಗೆ ಮರೆತೇ ಹೋಗಿತ್ತು.

“ದಿನಾ ಇದನ್ನ ಕೇಳ್ತಿದ್ದೇನು?”

“ಮತ್ತ, ಬಸ್ಸಿನ ಹೊತ್ತು ಕೇಳ್ತಿದ್ದೆ ಅಂದ್ಕೊಂಡ್ಯಾ?”

ವಿದ್ಯಾವತಿ ಹೊಸ್ತಿಲ ಮೇಲೇ ಕುಳಿತು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಪರ್ವೇಜನಿಗೆ ಫೋನ್ ಮಾಡಿ, ನಾಳೆ ಏರಿಸಿಬಿಡಿ ಎಂದಳು.

“ಹಂಗಾದ್ರ ಮುಂಜಾನಿ ಆರಕ್ಕ ನಾ ಏನ್ ಕೇಳ್ಲಿ?” ಎಂದಳು ಅಕ್ಕ.

“ನಾನೇ ಫೋನ್ ಮಾಡ್ತೀನಿ, ಅಕ್ಕಾ.”

ಅಕ್ಕ ಅವಳ ಚೀಲ ಕಿತ್ತುಕೊಂಡು ಒಳಗಿನ ಗೂಟಕ್ಕೆ ಹಾಕಿದಳು. “ನಾಳಿಗಿ ಫೋನ್ ಯಾಕ? ಇವತ್ತಿನ ಬಸ್ ಹೋಗ್ಲಿ. ನೀ ಇರು.”