ಆಯಿ ಮತ್ತು ಬರ್ಮಾದ ಕತ್ತಿ

ಹತ್ತಿ ಬಿಡಿಸಿ ಬಿಡಿಸಿ ಆಯಿಯ ಬೆರಳ ತುದಿಗಳೆಲ್ಲ ಸೀಳಿದ್ದವು. ಆ ಸೀಳುಗಳಿಗೆ ಅವಳು ಕುಸುಬಿ ಎಣ್ಣೆ ಹಚ್ಚುತ್ತಿದ್ದಳು. ಉಳಿದದ್ದನ್ನು ಗಂಡನ ಕತ್ತಿಗೆ ಒರೆಸುತ್ತಿದ್ದಳು. “ಇಬ್ಬರಿಗೂ ವಯಸ್ಸಾಗೇತ್ರಿ, ಒಂದ ಔಷಧ ಸಾಕು” ಎನ್ನುತ್ತಿದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ನವಲಗುಂದದ ಕಡೆಯ ಒಂದು ಹಳ್ಳಿಗೆ ನಾನು ಶಾಲೆಯ ಅಕ್ಕೋರಾಗಿ ಹೋದಾಗ, ಅವಳ ಮನೆ ನನ್ನ ಬಾಡಿಗೆ ಕೋಣೆಯ ಹಿಂದಿನ ಓಣಿಯಲ್ಲಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ ಕತ್ತಿ. ಗಂಡ ಮಹಾಯುದ್ಧದ ಕಾಲಕ್ಕೆ ಪಲ್ಟನ್ ಸೇರಿ ಬರ್ಮಾಕ್ಕೆ ಹೋಗಿ ಬಂದವನು. ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಊರಿಗೆಲ್ಲ ಅವನು ಮಿಲ್ಟ್ರಿ ಕಾಕಾ. ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ, ಆಯಿ ಹೇಳುವವಳೂ ಅಲ್ಲ. ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆಂಗಸರು ನಂಬಿದ್ದ ಕಾಲ ಅದು. ಸತ್ತವರಿಗೆ ಎಂಥ ಆಯುಷ್ಯ ಎಂದು ನಾನೊಮ್ಮೆ ಕೆಣಕಿದೆ.

“ನನ್ನ ಲೆಕ್ಕದಾಗ ಇನ್ನೂ ಐತ್ರಿ” ಅಂದಳು.

ತಮಾಷೆಯೆಂದರೆ, ಊರಿನ ಮದುವಣಗಿತ್ತಿಯರಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದವಳು ಅವಳೇ. ಪ್ರಾಸದ ನಡುವೆ ಗಂಡನ ಹೆಸರು ಸೇರಿಸಿ ಹೇಳುವ ಆ ಪದಗಳಿಗಾಗಿ ಗೌಡರ ಮನೆಯ ಹುಡುಗಿಯರೂ ಅವಳ ಕಟ್ಟೆಗೆ ಬರುತ್ತಿದ್ದರು. ತನ್ನ ಮದುವೆಯಲ್ಲಿ ಮಾತ್ರ ನಾಚಿಕೊಂಡು ಬಾಯಿಯನ್ನೇ ತೆರೆದಿರಲಿಲ್ಲವಂತೆ.

ಕತ್ತಿ ನಮ್ಮ ಕಡೆಯದರಂತಿರಲಿಲ್ಲ. ಉದ್ದನೆಯ ಹಿಡಿಕೆ, ಬೆರಳಿಗೆ ಕಾವಲಾಗಿ ಅಡ್ಡಪಟ್ಟಿಯಿಲ್ಲ, ತುಸುವೇ ಬಾಗಿದ ಅಲಗು. ಒರೆಗೆ ಕಟ್ಟಿದ ಹುರಿಯನ್ನು ಸೊಂಟಕ್ಕಲ್ಲ, ಹೆಗಲಿಗೆ ಹಾಕಿಕೊಳ್ಳಬೇಕು. ಅಲಗಿನ ಮೇಲೆ ಬೆಳ್ಳಿಯಲ್ಲಿ ಕೂಡಿಸಿದ ದುಂಡು ಅಕ್ಷರಗಳು. ಬರ್ಮಾದಲ್ಲಿ ಜ್ವರ ಬಂದ ಒಂದು ಮಗುವಿಗೆ ಮಿಲ್ಟ್ರಿ ಕಾಕಾ ತನ್ನ ಪಾಲಿನ ಗುಳಿಗೆ ಕೊಟ್ಟನಂತೆ. ಮಗು ಉಳಿಯಿತು, ಅದರ ಅಪ್ಪ ಕಮ್ಮಾರ, ಈ ಕತ್ತಿ ಮಾಡಿಕೊಟ್ಟ. “ಅಂವಾ ಮತ್ತ ಮತ್ತ ಇವರ ಹೆಸರ ಕೇಳ್ತಿದ್ನಂತ್ರಿ. ಕಿವಿ ಮಂದ ಇರಬೇಕು ಅಂತ ನಮ್ಮವರು ನಗ್ತಿದ್ರು” ಎಂದು ಆಯಿ ತಾನೂ ನಗುತ್ತಿದ್ದಳು.

ಒಂದು ವರ್ಷ ದಸರೆಯ ಮುಂದೆ ಮನೆ ಸಾರಿಸುವಾಗ ಅವಳು ಕತ್ತಿಯನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಅಕ್ಷರ ನೋಡಿ, ಇದು ಹಳಗನ್ನಡ ಎಂದುಬಿಟ್ಟರು. ಸಂಜೆಗೆ ಮಾತು ಬೆಳೆಯಿತು: ಹಿಂದೆ ದೇಸಾಯರ ವಾಡೆಯಿಂದ ಕಳುವಾದ ಕತ್ತಿ ಇದೇ. ಊರ ಹಿರಿಯರೆಲ್ಲ ಸೇರಿ ಕತ್ತಿಯನ್ನು ಚಾವಡಿಗೆ ತರಿಸಿಕೊಂಡರು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯೊಳಗೆ ಇದರ ಮೂಲ ತೋರಿಸದಿದ್ದರೆ ಗುಡಿಗೆ ಸೇರುತ್ತದೆ ಎಂದರು. ಗೌಡರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಅದೇ ಹೆಚ್ಚು ಚುಚ್ಚಿತು. “ನಿಮ್ಮ ಓಣ್ಯಾಗ ಬೆಳ್ಳಿ ಕೂಡಿಸಿದ ಕತ್ತಿ ಎಲ್ಲಿಂದ ಬರಬೇಕವಾ?” ಎಂದು ಮೆತ್ತಗೆ ಕೇಳಿದರು.

ಆಯಿ ನನ್ನ ಕೋಣೆಗೆ ಬಂದು ಹೊಸ್ತಿಲಲ್ಲೇ ಕುಳಿತಳು.

“ಕತ್ತಿ ಹೋದ್ರ ಹೋಗ್ಲಿ ಅಕ್ಕೋರ. ಸತ್ತ ಮ್ಯಾಲೆ ಅವರು ಕಳ್ಳ ಆಗ್ತಾರ, ಅದನ್ನ ಹೆಂಗ ತಡಕೊಳ್ಳಲಿ?”

ನಾನು ಚಾವಡಿಗೆ ಹೋಗಿ, ಅಲಗಿನ ಮೇಲೆ ತೆಳು ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಕಾಲೇಜಿನಲ್ಲಿ ಶಾಸನಗಳ ಅಕ್ಷರ ಕಲಿತಿದ್ದೆ. ಇಲ್ಲಿ ಒಂದೂ ಕೂಡಿಬರಲಿಲ್ಲ. ಓದಲು ಬಾರದ ದುಂಡು ಬರಹವೆಲ್ಲ ಹಳಗನ್ನಡವಾದರೆ ಜಿಲೇಬಿಯೂ ಶಾಸನವೇ ಆಗಬೇಕಲ್ಲ ಎಂದುಕೊಂಡೆ. ಆಗ ಹುಬ್ಬಳ್ಳಿಯ ನಮ್ಮ ತವರಿನ ಓಣಿಯಲ್ಲಿದ್ದ ಇಡ್ಲಿ ಅಮ್ಮನ ನೆನಪಾಯಿತು. ತಮಿಳಿನವರು, ಬರ್ಮಾದ ರಂಗೂನಿನಲ್ಲಿ ಹುಟ್ಟಿ ಅಲ್ಲೇ ಶಾಲೆ ಕಲಿತು, ಆಮೇಲೆ ಎಲ್ಲ ಬಿಟ್ಟು ಬಂದವರು. ಭಾನುವಾರ ಆಯಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಇಡ್ಲಿ ಅಮ್ಮ ಕೈ ಒರೆಸಿಕೊಂಡು ಹಾಳೆ ಹಿಡಿದರು. ನೋಡಿದೊಡನೆ ಮುಖ ಅರಳಿತು. ಬರ್ಮಾ ಅಕ್ಷರ, ಎಷ್ಟು ವರ್ಷವಾಯಿತು ಓದಿ, ಎಂದು ಕಣ್ಣು ತುಂಬಿಕೊಂಡರು. ಮೊದಲು ಕಮ್ಮಾರನ ಊರು, ಅವನ ಹೆಸರು. ಆಮೇಲೆ, ಮಗಳನ್ನು ಉಳಿಸಿದ ಗೆಳೆಯನಿಗೆ ಎಂದಿತ್ತು. ಅಲ್ಲಿಗೆ ತಡವರಿಸಿದರು.

“ಇದು ಬರ್ಮಾ ಮಾತು ಅಲ್ಲಮ್ಮಾ. ಯ... ಲ... ಪ... ಏನಿದು?”

ನನಗೂ ತಿಳಿಯಲಿಲ್ಲ. ತಿರುಗಿ ನೋಡಿದರೆ ಆಯಿ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

“ಆ ಕಮ್ಮಾರಗ ಕಿವಿ ಮಂದ ಇರಲಿಲ್ರಿ” ಅಂದಳು. ಆ ಅಕ್ಷರಗಳು ಯಾರ ಹೆಸರೆಂದು ಆಗ ನನಗೆ ಹೊಳೆಯಿತು.

ಚಾವಡಿಯಲ್ಲಿ ನಾನು ಎಲ್ಲವನ್ನೂ ಓದಿ ಹೇಳಿದೆ. ಗೌಡರು ಕೇಳಿಸಿಕೊಂಡು ತಲೆದೂಗಿದರು, ಆದರೆ ಒಬ್ಬ ಹಿರಿಯರಿಗೆ ಇನ್ನೂ ಅನುಮಾನ. ಈ ಸೀಮೆಯಲ್ಲಿ ಯಲ್ಲಪ್ಪ ಎನ್ನುವವರು ಓಣಿಗೊಬ್ಬರಿದ್ದಾರೆ, ಇದು ಯಾವ ಯಲ್ಲಪ್ಪ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಎದ್ದು ನಿಂತಳು. ಹಿಂದೆ ನಿಂತಿದ್ದ ಹೆಂಗಸರಿಗೆ ಅವಳ ಸಂಕಟ ಅರ್ಥವಾಗಿತ್ತು. ಒಡಪಿನಾಗ ಹೇಳಬೇ, ಎಂದು ಒಬ್ಬಳು ಪಿಸುಗುಟ್ಟಿದಳು.

“ಒಡಪು ಬ್ಯಾಡ” ಅಂದಳು ಆಯಿ. “ಈ ಊರಿಂದ ಬರ್ಮಾಕ ಹೋದಾವರು ಒಬ್ಬರ. ಯಲ್ಲಪ್ಪ. ನನ್ನ ಗಂಡನ ಹೆಸರು ಯಲ್ಲಪ್ಪರಿ.”

ಗೌಡರು ಎದ್ದು ಎರಡೂ ಕೈಯಿಂದ ಕತ್ತಿಯನ್ನು ಅವಳಿಗೆ ಕೊಟ್ಟರು. ತಪ್ಪಾಯಿತು ಎಂದು ಎಲ್ಲರೆದುರು ಹೇಳಿದರು. ಬನ್ನಿಹಬ್ಬದ ದಿನ ಆ ಹಿರಿಯರೂ ಅವಳ ಕಟ್ಟೆಗೆ ಬಂದು ಬನ್ನಿ ಕೊಟ್ಟು, ಕತ್ತಿಯ ಕತೆಯನ್ನು ಮೊದಲಿನಿಂದ ಹೇಳಿಸಿಕೊಂಡರು. ಆಯಿ ಉತ್ಸಾಹದಿಂದ ಹೇಳಿದಳು, ಹೆಸರು ಬರುವ ಕಡೆ ಮಾತ್ರ ಮತ್ತೆ “ನಮ್ಮವರು” ಎಂದಳು.

ನನಗೆ ಬೇರೆ ಊರಿಗೆ ವರ್ಗವಾದ ಮೇಲೆ, ಹತ್ತಿ ಬಿಡಿಸುವ ಕಾಲದಲ್ಲಿ ಅವಳು ತೀರಿಹೋದಳೆಂದು ತಿಳಿಯಿತು. ಕತ್ತಿ ಈಗ ಅವಳ ಮಗಳ ಮನೆಯಲ್ಲಿದೆ, ಎಣ್ಣೆ ತಪ್ಪಿಲ್ಲ. ಆಮೇಲೆ ಎಲ್ಲೇ ಪಾಠ ಮಾಡಿದರೂ, ರಾಜರ ಹೆಸರಿಗಿಂತ ಮೊದಲು ಅಜ್ಜ ಅಜ್ಜಿಯರ ಹೆಸರು ಕೇಳಿಕೊಂಡು ಬರಲು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದು ಅವಳಿಂದ ಕಲಿತದ್ದು.

ಆಯಿಯ ಹೆಸರು ನನಗೆ ಗೊತ್ತು. ಇಲ್ಲಿ ಬರೆದಿಲ್ಲ. ನನ್ನ ಲೆಕ್ಕದಲ್ಲಿ ಅವಳ ಆಯುಷ್ಯ ಇನ್ನೂ ಇದೆ.