ಅವ್ವ ಬಿಚ್ಚಿ ತಂದ ಫಣಿ

ರಾಮದುರ್ಗದ ಬಗ್ಗೆ ಬರೆಯಲು ಬಂದವರೆಲ್ಲ ‘ಒಂದು ಕಾಲದಲ್ಲಿ ಇದು ನೇಕಾರರ ಊರಾಗಿತ್ತು’ ಎಂದೇ ಶುರು ಮಾಡುತ್ತಾರೆ. ಆ ಸಾಲು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಿಜ, ಓಣಿ ತುಂಬ ಮಗ್ಗಗಳಿದ್ದ ದಿನ ಈಗಿಲ್ಲ. ನೂಲಿಗೆ ಬಣ್ಣ ಹಾಕುತ್ತಿದ್ದ ಮನೆಗಳಿಗೆ ಬೀಗ ಬಿದ್ದಿದೆ. ಆದರೆ ಹಾಗೆ ಬರೆಯುವ ಯಾರೂ ಮಲಪ್ರಭೆ ಉಕ್ಕಿ ಬಂದ ವರ್ಷ ನಮ್ಮ ಮನೆಯನ್ನು ನೋಡಿಲ್ಲ.

ಹೊಳೆ ಏರುತ್ತಿದೆ, ಮನೆ ಬಿಡಿ ಎಂದು ಬೆಳಿಗ್ಗೆಯೇ ಸಾರಿಕೊಂಡು ಹೋದರು. ನಾನು ಅಕ್ಕಿ ಡಬ್ಬಿ, ಕುಕ್ಕರ್, ರೇಷನ್ ಕಾರ್ಡು ಎಂದು ಓಡಾಡುತ್ತಿದ್ದರೆ ಅವ್ವ ಕತ್ತರಿ ಹಿಡಿದು, ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದ ಮುಂದೆ ಕೂತಿದ್ದಳು. ಅರ್ಧ ನೇಯ್ದ ಸೀರೆಯನ್ನು ಕತ್ತರಿಸಿ ಮಡಚಿಟ್ಟಳು. ಆಮೇಲೆ, ಸೀರೆಯ ಉದ್ದಕ್ಕೂ ಓಡುವ ಹಾಸಿನ ಎಳೆಗಳು ಒಂದೊಂದಾಗಿ ಹಾಯುವ ಬಾಚಣಿಕೆಯಂಥ ಫಣಿಯನ್ನು, ಗೇಣುದ್ದ ಎಳೆಗಳ ಸಮೇತ, ಮಗ್ಗದಿಂದ ಬಿಚ್ಚತೊಡಗಿದಳು.

“ಯವ್ವಾ, ಆ ದಾರದ ತುಂಡು ಹೊತ್ಕೊಂಡು ಏನ್ ಮಾಡ್ತಿ? ಭಾಂಡೆ ಹಿಡಿ,” ಎಂದು ಗದರಿದೆ.

“ಭಾಂಡೆ ಪ್ಯಾಟ್ಯಾಗ ಸಿಗತಾವ. ಫಣಿಯೊಳಗ ಎಳಿ ಹಾಯಿಸಿಕೊಡೂ ಮುದುಕ ಸತ್ತು ವರ್ಷ ಆತು. ಈ ಎಳಿ ಹೋದ್ರ ಮಗ್ಗಾ ಹೋತು.”

ಹಳೆಯ ಸೀರೆಯಲ್ಲಿ ಅದನ್ನು ಸುತ್ತಿ, ಎದೆಗೆ ಅವಚಿಕೊಂಡು, ದಿಬ್ಬದ ಮೇಲಿನ ಸಾಲೆಗೆ ನಡೆದಳು.

ನೀರಿಳಿದ ಮೇಲೆ ಬಂದು ನೋಡಿದರೆ ಮಗ್ಗದ ಕುಣಿ ತುಂಬ ಕೆಸರು. “ಮುಚ್ಚಿಬಿಡ್ರಿ ಅಕ್ಕಾರ, ಮನಿಯಾಗ ಜಾಗಾ ಆಗತೈತಿ. ನಾನೂ ನಮ್ಮ ಕುಣಿ ಮುಚ್ಚಾಕ ಗೌಂಡಿಗೆ ಹೇಳೇನಿ,” ಎಂದಳು ಪಕ್ಕದ ಮನೆಯಾಕೆ. ಅವಳ ಮಗ್ಗ ನಿಂತು ಬಹಳ ದಿನವಾಗಿತ್ತು. ಅವ್ವ ಬುಟ್ಟಿ ತಂದು ಕೆಸರು ತೋಡಿದಳು.

ಮಗ್ಗ ಒಣಗಿದ ಮೇಲೆ ಹೊಸ ಹಾಸು ತಂದೆವು. ಫಣಿಯಲ್ಲುಳಿದ ಹಳೆಯ ಒಂದೊಂದು ಎಳೆಗೂ ಹೊಸದೊಂದನ್ನು ಸೇರಿಸಿ, ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಅವ್ವನ ಕಣ್ಣು ಮಂಜಾಗಿತ್ತು, ಅರ್ಧ ಕೆಲಸ ನನಗೆ ಬಂತು. ಕಾಲೇಜು ಓದಿದ ಜಂಬದಲ್ಲಿ ನಾನು ಎಂದೂ ಕಲಿಯದ ಕೆಲಸ. ಮೊದಲ ದಿನ ನಾನು ಕೆಚ್ಚಿದ್ದನ್ನೆಲ್ಲ ಅವ್ವ ಒಂದೊಂದಾಗಿ ಜಗ್ಗಿ ನೋಡಿದಳು. ಎಲ್ಲ ಬಿಟ್ಟುಕೊಂಡವು. ಮರುದಿನ ಮತ್ತೆ ಕೂರಿಸಿದಳು, ಅದರ ಮರುದಿನವೂ.

ಕೊನೆಗೆ ಒಂದು ಮುಂಜಾನೆ ಅವ್ವ ಕುಣಿಗೆ ಕಾಲಿಳಿಸಿ ಕೂತು, ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದಳು. ಕೆಚ್ಚಿದ ಜಾಗವೆಲ್ಲ ಫಣಿಯೊಳಗೆ ಹಾಯಬೇಕು. ನನ್ನವು ಹರಿದರೆ ಗತಿಯೇನು ಎಂದು ಬೂದಿಯ ಬಟ್ಟಲು ಹಿಡಿದು ನಿಂತೆ. ಒಂದೂ ಹರಿಯಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆ ಓಡಿತು. ಅಷ್ಟು ಹೆಮ್ಮೆ ನನಗೆ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯಾಕೆ ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದಳು. ಒಳಗೆ ಬಂದು ಫಣಿಯ ಎಳೆಗಳನ್ನು ಬಗ್ಗಿ ನೋಡಿದಳು.

“ನಮ್ಮ ಫಣಿ ಅಟ್ಟದ ಮ್ಯಾಲೆ ಎಳಿ ಸಮೇತ ಹಂಗ ಐತ್ರಿ ಅಕ್ಕಾರ. ಗೌಂಡಿಗೆ ಬ್ಯಾಡ ಅಂತೇನಿ. ಕೆಚ್ಚಾಕ ಯಾರ ಬರತಾರ್ರಿ?”

ಅವ್ವ ಲಾಳಿ ನಿಲ್ಲಿಸಲಿಲ್ಲ. ನನ್ನ ಕಡೆ ಗದ್ದ ಎತ್ತಿ, “ಇಕಿ ಬರತಾಳ,” ಎಂದಳು.